ಗೆಲ್ಡರ್ಸಿನ ಅರಸ, ಠಾಕುರ್ಲಿಯ ತಮ್ಮ

ವಿಠಲ ಸೊನ್ನದನಿಗೆ ಐವತ್ತಾರು ತುಂಬಿದರೂ ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ಅವನನ್ನು ವಿಠಲ ಎಂದು ಕರೆಯುವವರು ಸಿಗುತ್ತಿರಲಿಲ್ಲ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಯಾರನ್ನು ವಿಚಾರಿಸಿದರೂ ‘ಓ, ಚಂದ್ರಾಮಣ್ಣನ ತಮ್ಮ ಅಲ್ಲೇನ್ರಿ’ ಅನ್ನುತ್ತಿದ್ದರು. ಖಾನಾವಳಿಯದೂ ಅದೇ ಹಣೆಬರಹ. ಅವನು ಎರಡು ಸಲ ಬೋರ್ಡು ಬದಲಿಸಿದ, ಒಮ್ಮೆ ಮರಾಠಿಯಲ್ಲಿ, ಇನ್ನೊಮ್ಮೆ ಮರಾಠಿ ಕನ್ನಡ ಎರಡರಲ್ಲೂ, ಹೊಳೆಯುವ ದೀಪದ ಸಮೇತ. ಏನು ಮಾಡಿದರೇನು, ಜೋಳದ ರೊಟ್ಟಿ ನೆನಪಾದವರು ಚಂದ್ರಾಮಣ್ಣನ ಖಾನಾವಳಿಗೆ ಹೋಗೋಣ ಎಂದೇ ಹೊರಡುತ್ತಿದ್ದರು. ಆ ಚಂದ್ರಾಮಣ್ಣ ಗಲ್ಲಾದ ಹಿಂದಿನ ಕುರ್ಚಿ ಬಿಟ್ಟು ಆರು ವರ್ಷವಾಗಿತ್ತು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲದ ಮನೆಯಲ್ಲಿ ಅವನಿದ್ದ. ಈ ಆರು ವರ್ಷದಲ್ಲಿ ಒಬ್ಬ ಗಿರಾಕಿಯೂ ಅವನ ಮುಖ ಕಂಡಿರಲಿಲ್ಲ. ಯಾಕೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅಂದರೆ, ವಿಠಲ ಹೇಳಿದಷ್ಟು ಗೊತ್ತಿತ್ತು.

ಇಬ್ಬರೂ ಸಿಂದಗಿ ಕಡೆಯವರು. ಎಂಬತ್ತೊಂಬತ್ತರಲ್ಲಿ ಒಂದೇ ಟ್ರಂಕು ಹಿಡಿದು ಠಾಕುರ್ಲಿ ಪಕ್ಕದ ಕಲ್ಯಾಣಕ್ಕೆ ಬಂದಿಳಿದಾಗ ಅಣ್ಣನಿಗೆ ಇಪ್ಪತ್ತೇಳು, ತಮ್ಮನಿಗೆ ಇಪ್ಪತ್ತು. ಅಣ್ಣ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತ. ತಮ್ಮನನ್ನು ಉಲ್ಹಾಸನಗರದ ಜೀನ್ಸ್ ಬಣ್ಣ ಹಾಕುವ ಕಾರ್ಖಾನೆಗೆ ಸೇರಿಸಿದ. ಎರಡು ತಿಂಗಳಿಗೆ ವಿಠಲನ ಕೈ ಮೊಣಕೈತನಕ ನೀಲಿಯಾಯಿತು, ಎಷ್ಟು ತಿಕ್ಕಿದರೂ ಹೋಗದ ನೀಲಿ. ಒಂದು ದಿನ ಆ ನೀಲಿ ಕೈಯಿಂದ ರೊಟ್ಟಿ ಮುರಿಯುತ್ತಿದ್ದವನನ್ನು ಚಂದ್ರಾಮ ನೋಡುತ್ತ ಕೂತ. ತನ್ನ ತುತ್ತು ತಾಟಿನಲ್ಲಿ ಇಟ್ಟ. “ನಾಳಿಂದ ಹೋಗಬ್ಯಾಡ,” ಅಂದ. ಅಷ್ಟೇ. ಅಲ್ಲಿಂದ ಮುಂದೆ ಏಳು ವರ್ಷ ಅವನು ಎರಡೆರಡು ಪಾಳಿ ಚೀಲ ಹೊತ್ತು, ಠಾಕುರ್ಲಿಯಲ್ಲಿ ನಾಲ್ಕು ಬೆಂಚಿನ ಖಾನಾವಳಿ ತೆಗೆದ. ಅವನ ಹೆಂಡತಿ ಮಹಾದೇವಕ್ಕ ರೊಟ್ಟಿ ಬಡಿದಳು, ತಮ್ಮ ನೀರು ಕೊಟ್ಟ, ತಾಟು ಎತ್ತಿದ, ಸಂತೆ ಮಾಡಿದ.

ಅಣ್ಣ ಗಲ್ಲಾದ ಮೇಲೆ ಕೂತ ರೀತಿಯೇ ಬೇರೆ ಇತ್ತು ಬಿಡಿ. ರೊಕ್ಕದ ಕಡೆ ಅವನ ಗಮನ ಕಡಿಮೆ, ಉಣ್ಣುವವರ ಕಡೆಗೇ ಜಾಸ್ತಿ. ಎರಡು ರೊಟ್ಟಿಗೇ ಕೈ ತೊಳೆಯಲು ಎದ್ದವನನ್ನು ತಿರುಗಿ ಕೂರಿಸಿ “ಊರಿಂದ ಫೋನ್ ಬಂದಿತ್ತೇನು? ಏನಾತು ಹೇಳು,” ಅನ್ನುತ್ತಿದ್ದ. ಹಾಗೆ ಮಾತಾಡಿಸಿಕೊಂಡ ಹಮಾಲರು, ಗೌಂಡಿಗಳು, ಬ್ಯಾಂಕಿನ ಕ್ಲಾರ್ಕುಗಳು ಕರ್ಜತ್ ಕಡೆಗೆ ಮನೆ ಬದಲಿಸಿದರೂ ಭಾನುವಾರ ರೈಲು ಹತ್ತಿ ಉಣ್ಣಲು ಬರುತ್ತಿದ್ದರು. ವಿಠಲನೂ ಅಲ್ಲೇ ಇರುತ್ತಿದ್ದ, ಇಪ್ಪತ್ತಮೂರು ವರ್ಷ. ಯಾರಿಗಾದರೂ ಅವನ ಹೆಸರು ಬೇಕಾಗಿತ್ತೇ? “ತಮ್ಮಾ, ಉಳ್ಳಾಗಡ್ಡಿ ತಾ. ತಮ್ಮಾ, ನೀರು.” ಅಷ್ಟಕ್ಕೆ ಕೆಲಸ ನಡೆಯುತ್ತಿತ್ತು.

ಎರಡು ಸಾವಿರದ ಹತ್ತೊಂಬತ್ತರ ಜೂನಿನಲ್ಲಿ ಚಂದ್ರಾಮ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿನಿಂದ ಉರುಳಿ ಮೊಣಕಾಲಿನ ಎಲುಬು ಪುಡಿ ಮಾಡಿಕೊಂಡ. ಮಹಾದೇವಕ್ಕ ತೀರಿ ಆಗ ಒಂದು ವರ್ಷ, ಮಕ್ಕಳಿರಲಿಲ್ಲ. ಎಲುಬಿಗೆ ಪಟ್ಟಿ ಹಾಕಿದ ಡಾಕ್ಟರು ಮೂರು ತಿಂಗಳಲ್ಲಿ ನಡೆಯುತ್ತಾರೆ, ತೂಕ ಮಾತ್ರ ಇಳಿಸಬೇಕು ಅಂದರು. ಆ ಮೂರು ತಿಂಗಳಿಗೆಂದು ವಿಠಲ ಗಲ್ಲಾದ ಕುರ್ಚಿಗೆ ಬಂದು ಕೂತ. ಎರಡನೇ ವಾರದಲ್ಲಿ ಯಾರೋ ಹೊಸಬ ಬಾಗಿಲಲ್ಲಿ ನಿಂತು “ಮಾಲಕ್ರ, ಊಟ ಐತೇನ್ರಿ?” ಎಂದು ಕೇಳಿದ. ವಿಠಲ ಹಿಂತಿರುಗಿ ನೋಡಿದ, ಯಾರನ್ನು ಕೇಳಿದ ಅಂತ. ಹಿಂದೆ ಗೋಡೆ ಇತ್ತು. ಕೇಳಿದ್ದು ತನ್ನನ್ನೇ ಎಂದು ತಿಳಿದಾಗ ಅವನಿಗೆ ಆದ ಸುಖವನ್ನು ಅವನು ಹೆಂಡತಿ ಪದ್ಮಾವತಿಗೂ ಹೇಳಲಿಲ್ಲ.

ಆಮೇಲಿನದು ಹೇಳುವುದಕ್ಕೆ ಚೆನ್ನಾಗಿಲ್ಲ. ಸೋನಾಲಿ ಎಂಬ ಮರಾಠಿ ಹುಡುಗಿ ಕಾಲಿಗೆ ವ್ಯಾಯಾಮ ಮಾಡಿಸಲು ದಿನಾ ಬರುತ್ತಿದ್ದಳು. “ಅಂಕಲ್ ಅಚ್ಛಾ ಕರ್ ರಹೇ ಹೈ, ದೀವಾಲಿ ತಕ್ ನೀಚೆ ಉತರೇಂಗೆ,” ಎಂದು, ದೀಪಾವಳಿಯೊಳಗೆ ಕೆಳಗಿಳಿಯುತ್ತಾರೆ ಎಂದು, ಅವಳು ಖುಷಿಯಿಂದ ಹೇಳಿದ ದಿನ ವಿಠಲನಿಗೆ ಕುರ್ಚಿ ಕೈಬಿಟ್ಟುಹೋದಂತಾಯಿತು. ಮಾರನೆಯ ವಾರ ಅವಳನ್ನು ಕೆಳಗೇ ತಡೆದು, ಅಣ್ಣನಿಗೆ ಮನಸ್ಸಿಲ್ಲ, ಇನ್ನು ಬರಬೇಡಿ ಅಂದ. ಮೇಲೆ ಹೋಗಿ, ಆಕೆಗೆ ಐರೋಲಿ ಕಡೆ ನೌಕರಿ ಸಿಕ್ಕಿತಂತೆ, ಬಿಟ್ಟುಹೋದಳು ಅಂದ. ಒಂದೇ ಬಾಯಿ, ಹತ್ತು ನಿಮಿಷದಲ್ಲಿ ಎರಡು ಸುಳ್ಳು. ಹಾಗೂ ಹೀಗೂ ಐದಾರು ತಿಂಗಳು ತಳ್ಳಿದ, ಅಷ್ಟರಲ್ಲಿ ಲಾಕ್‌ಡೌನ್ ಬಂತು, ಅವನ ಪಾಲಿಗೆ ದೇವರೇ ಕಳಿಸಿದ ಹಾಗೆ. ಅದು ಮುಗಿದ ಮೇಲೆ ಮಳೆಗಾಲ, ಮಳೆಗಾಲ ಮುಗಿದ ಮೇಲೆ ಮೆಟ್ಟಿಲಿನ ದುರಸ್ತಿ. ಸೋಮವಾರ ಸೋಮವಾರ ಚಂದ್ರಾಮ ಕೇಳುತ್ತಿದ್ದ: “ತಮ್ಮಾ, ಒಮ್ಮಿ ಕೆಳಗ ಬಂದು ನಾಕು ಮಂದಿ ನಡುವ ಕುಂತು ಉಣ್ಣಬೇಕಂತ ಅನಸ್ತೈತಿ.” ವಿಠಲ ಬಾಗಿಲ ಹತ್ತಿರವೇ ನಿಂತು “ಅವಸರ ಯಾಕಣ್ಣಾ? ಪೂರ್ತಿ ಗುಣಾ ಆಗಲಿ,” ಅನ್ನುತ್ತಿದ್ದ. ಎರಡು ವರ್ಷದಿಂದೀಚೆಗೆ ಅಣ್ಣ ಕೇಳುವುದನ್ನೇ ಬಿಟ್ಟಿದ್ದ. ಅದಕ್ಕೂ ವಿಠಲನಿಗೆ ಹಾಯೆನಿಸಿತ್ತು.

ಇನ್ನು ತಾಟಿನ ಮಾತು. ಖಾನಾವಳಿಯ ಒಲೆಯಿಂದ ಇಳಿದ ಮೊದಲ ತಾಟು ಮನೆಯ ಹಿರಿಯರಿಗೆ ಹೋಗಬೇಕು, ಆಮೇಲೆ ಗಿರಾಕಿಗೆ. ಅದು ಅವರ ಮನೆತನದ ಪದ್ಧತಿ. ಹನ್ನೊಂದೂವರೆಗೆ ಸರಿಯಾಗಿ, ಎಲ್ಲರ ಕಣ್ಣೆದುರು, ವಿಠಲ ತಾನೇ ನಿಂತು ಅಣ್ಣನ ತಾಟು ತುಂಬುತ್ತಿದ್ದ. ಬೆಣ್ಣೆ ಸವರಿದ ಆರು ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ಸೋಮವಾರ ತುಪ್ಪದಲ್ಲಿ ಮುಳುಗಿದ ಹೋಳಿಗೆ, ಗುರುವಾರ ಮಾದಲಿ. ಬಡಿಸಿದ್ದನ್ನು ಬಿಡುವುದು ಬಡಿಸಿದವರಿಗೆ ಮಾಡಿದ ಅವಮಾನ ಎಂದು ಬೆಳೆದ ಮನುಷ್ಯ ಚಂದ್ರಾಮ. ಅವನಿಗೆ ಕಳಿಸಿದ ತಾಟು ತೊಳೆದಂತೆ ಬರಿದಾಗಿ ಕೆಳಗೆ ಬರುತ್ತಿತ್ತು. ಇದು ವಿಠಲನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆರನೆಯ ರೊಟ್ಟಿ ಇಡುತ್ತಿದ್ದ. ಅಣ್ಣನ ಮೈ ವರ್ಷದಿಂದ ವರ್ಷಕ್ಕೆ ಮಂಚದ ಅಂಚಿನತನಕ ಬಂದಿತು, ವಿಠಲ ಇನ್ನೂ ಅಗಲದ ಮಂಚ ತರಿಸಿದ, ಏಸಿ ಹಾಕಿಸಿದ, ಗೋಡೆಯಷ್ಟು ದೊಡ್ಡ ಟಿವಿ ಹಚ್ಚಿಸಿದ. ಮೇಲೆ ಹೋಗುವ ಸಾಮಾನು ನೋಡಿದವರು ತಮ್ಮ ಅಂದರೆ ಹೀಗಿರಬೇಕು ಅಂದರು. ಹೋದ ತಿಂಗಳು ಕನ್ನಡ ಸಂಘದವರು ಆದರ್ಶ ಸಹೋದರ ಎಂದು ಅವನಿಗೆ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿದರು. ಅವನು ನಾಚಿದ ಹಾಗೆ ಮುಖ ಮಾಡಿಕೊಂಡು ಹಾಕಿಸಿಕೊಂಡ.

ಇಂಥ ಸುಖದ ನಡುವೆ ಪುಂಡರೀಕಾಕ್ಷ ಮಾಸ್ತರರು ಒಂದು ಬುಧವಾರ ಗೆಲ್ಡರ್ಸಿನ ಅರಸನ ಕತೆ ತೆಗೆದರು.

ಮಾಸ್ತರರು ಕುಂದಾಪುರದ ಕಡೆಯವರು, ಠಾಣೆಯ ರಾತ್ರಿ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಉಲ್ಹಾಸನಗರದ ರದ್ದಿ ಅಂಗಡಿಯಲ್ಲಿ ಜಗತ್ತಿನ ಅರಸರ ದಪ್ಪ ದಪ್ಪ ಪುಸ್ತಕಗಳ ಒಂದು ಕಟ್ಟು ಅವರಿಗೆ ಸಿಕ್ಕಿತ್ತು. ಎರಡೂವರೆಗೆ ಗದ್ದಲ ಇಳಿದ ಮೇಲೆ ಮಜ್ಜಿಗೆ ಕುಡಿಯುತ್ತ ದಿನಕ್ಕೊಬ್ಬ ಅರಸನನ್ನು ಮುಗಿಸುತ್ತಿದ್ದರು. ಕೇಳುವವರು ಟೈಲ್ಸ್ ಗೋದಾಮಿನ ಹಮಾಲ ಮಾಪಣ್ಣ, ಅವನ ಜೊತೆಯ ಮೂರ್ನಾಲ್ಕು ಜನ, ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತ ರೊಟ್ಟಿಯ ಸತ್ಯಮ್ಮ, ಗಲ್ಲಾದ ಮೇಲೆ ವಿಠಲ.

“ಇವತ್ತು ಡಚ್ಚರ ದೇಶದವ,” ಅಂದರು ಮಾಸ್ತರರು. “ಏಳುನೂರು ವರ್ಷ ಹಿಂದೆ ಹುಟ್ಟಿದವ ಅಂತ ಇಟ್ಟುಕೊಳ್ಳಿ. ಈಗ ನೆದರ್ಲಂಡ್ಸ್ ಅಂತಾರಲ್ಲ, ಅಲ್ಲಿ ಗೆಲ್ಡರ್ಸ್ ಅಂತ ಒಂದು ಸೀಮೆ ಉಂಟು. ಅದರ ಒಡೆಯ ತೀರಿಹೋದ. ಮಗ ರೈನಾಲ್ಡ್, ಹತ್ತು ವರ್ಷದ ಪೋರ, ಪಟ್ಟಕ್ಕೆ ಬಂದ. ಸಾಮಾನ್ಯದವನಲ್ಲ ಆಯ್ತಾ, ತಾಯಿ ಇಂಗ್ಲೆಂಡಿನ ರಾಜನ ತಂಗಿ. ಇವನಿಗೆ ಒಬ್ಬ ತಮ್ಮ, ಎಡ್ವರ್ಡ್ ಅಂತ. ಮೂರು ವರ್ಷ ಚಿಕ್ಕವ.”

“ತಮ್ಮಗ ಏನ್ ಕೊಟ್ಟರ್ರಿ?” ಕೇಳಿದ ಮಾಪಣ್ಣ.

“ಅದೇ ಮಾರಾಯ ಗಲಾಟೆ. ಪಟ್ಟ ಒಂದೇ, ಮಕ್ಕಳು ಇಬ್ಬರು. ಸೀಮೆಯಲ್ಲಿ ದೊಡ್ಡ ಮನೆತನದವರದ್ದು ಎರಡು ಪಂಗಡ ಇತ್ತು. ಒಂದು ಅಣ್ಣನ ಬೆನ್ನಿಗೆ ನಿಂತಿತು, ಇನ್ನೊಂದು ತಮ್ಮನ ಕಿವಿ ಊದಿತು. ಹತ್ತಾರು ವರ್ಷ ಕೋಟೆ ಸುಟ್ಟರು, ಊರು ಸುಟ್ಟರು. ಕಡೆಗೆ ಸಾವಿರದ ಮುನ್ನೂರ ಅರವತ್ತೊಂದರಲ್ಲಿ ಟೀಲ್ ಎಂಬ ಊರ ಹತ್ತಿರ ಯುದ್ಧ ಆಗಿ ತಮ್ಮ ಗೆದ್ದ. ಅಣ್ಣನನ್ನು ಹಿಡಿದ. ಕೊಲ್ಲಲಿಲ್ಲ.”

“ಭೇಷ್ ಮಾಡ್ದ,” ಅಂದ ಮಾಪಣ್ಣ.

“ಕೇಳು ಮತ್ತೆ. ಐಸೆಲ್ ಎಂಬ ಹೊಳೆಯ ದಡದಲ್ಲಿ ಒಂದು ಕೋಟೆ, ಅಲ್ಲಿ ಇಟ್ಟ. ಈಗ ನಾನು ಹೇಳುವುದುಂಟಲ್ಲ, ಇದು ಜನ ಹೇಳುತ್ತ ಬಂದದ್ದು, ನಿಜವಾ ಸುಳ್ಳಾ ನನಗೆ ಗೊತ್ತಿಲ್ಲ, ಪುಸ್ತಕದವನೂ ಹಾಗೇ ಬರೆದಿದ್ದಾನೆ. ಈ ಅಣ್ಣ ಭಾರೀ ದಪ್ಪ. ದಪ್ಪ ರೈನಾಲ್ಡ್ ಅಂತಲೇ ಹೆಸರು. ತಮ್ಮ ಏನು ಮಾಡಿದ, ಅಣ್ಣನ ಕೋಣೆಗೆ ಬೀಗ ಹಾಕಲಿಲ್ಲ. ಬಾಗಿಲು ಸಾಧಾರಣದ ಬಾಗಿಲು, ತೆರೆದೇ ಇತ್ತಂತೆ. ಆ ಬಾಗಿಲಲ್ಲಿ ಇವನ ಮೈ ಹಿಡಿಸುವುದಿಲ್ಲ, ಅಷ್ಟೇ. ಅಣ್ಣ ಯಾವತ್ತು ಈ ಬಾಗಿಲಿನಿಂದ ಹೊರಗೆ ಬರುತ್ತಾನೋ ಅವತ್ತು ರಾಜ್ಯ ಅವನದ್ದೇ, ಅಂದನಂತೆ ತಮ್ಮ. ಹೇಳಿ, ದಿನಾ ಊಟ ಕಳಿಸಿದ. ಎಂತ ಊಟ ಅಂತೀರಿ! ಮಾಂಸ ಏನು, ಬೆಣ್ಣೆ ಏನು, ಸಿಹಿ ಏನು. ಯಾರಾದರೂ ಕೇಳಿದರೆ, ನಾನು ಅಣ್ಣನನ್ನು ಸೆರೆ ಹಾಕಿದ್ದೇನಾ? ಬಾಗಿಲು ತೆರೆದೇ ಉಂಟಲ್ಲ, ಅನ್ನುತ್ತಿದ್ದ. ಹತ್ತು ವರ್ಷ ಮಾರಾಯ್ರೆ. ಹತ್ತು ವರ್ಷ ಅಣ್ಣ ಉಂಡ, ತಮ್ಮ ಆಳಿದ.”

ವಿಠಲನ ಕೈಯಲ್ಲಿ ಬಡೇಸೋಪಿನ ಡಬ್ಬಿ ಇತ್ತು. ಅದನ್ನು ಕೆಳಗಿಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಇವರು ಬೇಕೆಂದೇ ಹೇಳುತ್ತಿದ್ದಾರೆಯೇ? ಅವನು ಮಾಸ್ತರರ ಮುಖ ನೋಡಿದ. ಪಾಪದ ಮನುಷ್ಯ, ಮೀಸೆಗೆ ಅಂಟಿದ ಮಜ್ಜಿಗೆ ಒರೆಸಿಕೊಳ್ಳುತ್ತಿದ್ದರು. ಸಂಘದಲ್ಲಿ ಶಾಲು ಹೊದಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಅವರೇ. ಅವರಿಗೆ ಏನೂ ಗೊತ್ತಿರಲಿಲ್ಲ, ಅದೇ ಇನ್ನೂ ಕೆಟ್ಟದಾಗಿತ್ತು. ಬೇಕೆಂದೇ ಹೇಳಿದ್ದರೆ ಎದ್ದು ಜಗಳವನ್ನಾದರೂ ಆಡಬಹುದಿತ್ತು.

“ಬಾಗಲಾ ತೆರದಽ ಇತ್ತಂದ್ರ ತಮ್ಮಂದೇನು ತಪ್ಪದ?” ಅಂದ ಮಾಪಣ್ಣ. “ಉಣಬ್ಯಾಡಾಗಿತ್ತು ಅಂವಾ. ಎಂಟು ದಿನಾ ಉಪಾಸ ಬಿದ್ರ ಹೊರಗ ಬರ್ತಿದ್ದ.”

“ಅದು ಹೌದು,” ಅಂದ ಇನ್ನೊಬ್ಬ. “ಅಲ್ಲ, ಪ್ರೀತಿಲೆ ಕಳಿಸಿದ್ದನ್ನ ಹ್ಯಾಂಗ ಒಲ್ಲೆ ಅನ್ನೂದು?” ಅಂದ ಮತ್ತೊಬ್ಬ. ವಾದ ಹತ್ತಿತು. ಅರ್ಧ ಮಂದಿ ಅಣ್ಣನ ನಾಲಿಗೆಯದೇ ತಪ್ಪು ಅಂದರು, ಅರ್ಧ ಮಂದಿ ತಮ್ಮ ಹಲ್ಕಾ ಅಂದರು. ಕಡೆಗೆ ಮಾಸ್ತರರು ಗಲ್ಲಾದ ಕಡೆ ತಿರುಗಿದರು. “ನೀವೇ ಹೇಳಿ ಧಣಿ. ನಿಮ್ಮಷ್ಟು ಅಣ್ಣನನ್ನು ನೋಡಿಕೊಂಡವರು ಇಲ್ಲಿ ಯಾರುಂಟು? ನಿಮ್ಮ ತೀರ್ಪು ಎಂತದು?”

ಎಲ್ಲರೂ ಅವನ ಕಡೆ ನೋಡಿದರು, ಸತ್ಯಮ್ಮ ಒಬ್ಬಳನ್ನು ಬಿಟ್ಟು. ಅವಳ ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

“ಅಣ್ಣನ ಹಣೆಬರಹ,” ಅಂದ ವಿಠಲ. “ಮುಂದೇನಾತು ಮಾಸ್ತರ?”

“ಮುಂದೇನು? ಎಪ್ಪತ್ತೊಂದರಲ್ಲಿ ತಮ್ಮ ಯಾವುದೋ ಯುದ್ಧಕ್ಕೆ ಹೋಗಿ ಸತ್ತ. ಜನ ಹೋಗಿ ಅಣ್ಣನನ್ನು ಹೊರಗೆ ತಂದರು. ಗೋಡೆ ಒಡೆದು ತಂದರು ಅಂತಾರೆ. ತಂದು ಪಟ್ಟಕ್ಕೆ ಕೂರಿಸಿದರು. ಹತ್ತು ವರ್ಷದ ಮೇಲೆ ಸಿಕ್ಕಿದ ಪಟ್ಟ, ನಾಲ್ಕು ತಿಂಗಳೂ ಪೂರ್ತಿ ಆಳಲಿಲ್ಲ ಪುಣ್ಯಾತ್ಮ. ಅದೇ ವರ್ಷ ತೀರಿಹೋದ. ಇಬ್ಬರಿಗೂ ಮಕ್ಕಳಿಲ್ಲ. ಆ ವಂಶ ಅಲ್ಲಿಗೆ ಮುಗಿಯಿತು.” ಮಾಸ್ತರರು ಲೋಟ ಕೆಳಗಿಟ್ಟು ರೈಲಿನ ಹೊತ್ತಾಯಿತೆಂದು ಎದ್ದರು. ಮಾಪಣ್ಣ ಆಕಳಿಸುತ್ತ ಗೋದಾಮಿಗೆ ಹೋದ.

ವಿಠಲ ಕೂತೇ ಇದ್ದ. ಏನು ಮಾಡಿದೆ ನಾನು ಎಂದು ಅವನು ಆರು ವರ್ಷ ತನ್ನನ್ನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಬಾರದೆಂದೇ ಅಲ್ಲವೇ ಅಷ್ಟೊಂದು ತುಪ್ಪ ಸುರಿದದ್ದು? ಈಗ ಯಾವುದೋ ದೇಶದ, ಯಾವುದೋ ಕಾಲದ ಒಬ್ಬ ದರಿದ್ರ ತಮ್ಮ ತನ್ನದೇ ಅಂಗಡಿಗೆ ಬಂದು, ತನ್ನೆದುರೇ ಕೂತು, ತನ್ನ ಹಾಗೆಯೇ ಮಾತಾಡಿ ಹೋದ ಹಾಗಾಯಿತು. ಅವನಿಗೆ ನಾಚಿಕೆಯಾಯಿತು. ಶಾಲು ಹೊದೆದಾಗ ಮುಖಕ್ಕೆ ತಂದುಕೊಂಡಿದ್ದ ನಾಚಿಕೆ ಅಲ್ಲ ಇದು. ಬೆತ್ತಲೆ ಕೂತಿದ್ದೇನೆ, ಯಾರಾದರೂ ಒಳಗೆ ಬಂದಾರು ಎನ್ನುವಂಥದು. ಎದ್ದು, ಗಲ್ಲಾ ಹಾಗೇ ಬಿಟ್ಟು, ಮೆಟ್ಟಿಲು ಹತ್ತಿದ.

ಚಂದ್ರಾಮ ಕಿಟಕಿಯ ಕಡೆ ಮುಖ ಮಾಡಿ ಒರಗಿದ್ದ. ಆ ಕಿಟಕಿಯಿಂದ ಹಳಿ ಕಾಣುತ್ತಿತ್ತು, ಟಿವಿ ಆಫ್ ಆಗಿತ್ತು. ತಮ್ಮನನ್ನು ಕಂಡು ಅವನಿಗೆ ಆಶ್ಚರ್ಯವಾಯಿತು.

“ಈ ಹೊತ್ತಿನ್ಯಾಗ ಬಂದಿ? ಗಲ್ಲಾದ ಮ್ಯಾಲ ಯಾರದಾರ?”

“ಯಾರಿಲ್ಲ.”

“ಹಂಗ ಬಿಟ್ಟು ಬರ್ತಾರೇನೋ? ಮೈಯಾಗ ಆರಾಮ ಇಲ್ಲೇನು?”

ವಿಠಲ ಯಾವತ್ತೂ ಬಾಗಿಲಲ್ಲೇ ನಿಲ್ಲುತ್ತಿದ್ದವನು ಒಳಗೆ ಬಂದು ಮಂಚದ ಕಾಲಬಳಿ ನೆಲದ ಮೇಲೆ ಕೂತ. ಎಲ್ಲಿಂದ ಶುರು ಮಾಡುವುದು? “ಆ ಸೋನಾಲಿ ತಾನಽ ಬಿಟ್ಟು ಹೋಗಿದ್ದಲ್ಲ ಅಣ್ಣಾ,” ಅಂದ. “ನಾ ಬಿಡಿಸಿದ್ದು.”

“ಗೊತ್ತೈತಿ.”

ವಿಠಲ ತಲೆ ಎತ್ತಿದ.

“ಆಕಿ ಫೋನ್ ಮಾಡಿದ್ಲು ಆಗಽ. ಅಂಕಲ್, ಮನ್ ನಹೀ ಲಗ್ತಾ ಕ್ಯಾ, ನಿಮ್ಮ ತಮ್ಮಾರು ಹಂಗಂದ್ರು ಅಂತ. ಹೌದವಾ, ನನಗಽ ಬ್ಯಾಸರಾಗೈತಿ, ಅಂದೆ.” ಚಂದ್ರಾಮ ಹೊದಿಕೆಯ ಅಂಚು ಮಡಿಸುತ್ತಿದ್ದ. “ಮತ್ತೇನ್ ಅನ್ನಲಿ? ಹೊರಗಿನ ಹುಡುಗಿ ಮುಂದ ನನ್ನ ತಮ್ಮ ಸುಳ್ಳ ಹೇಳ್ಯಾನ ಅನ್ನಲೇನು?”

ಆ ಮೇಲೆ ಅವನು ನಿಧಾನವಾಗಿ, ಯಾರದೋ ಸುದ್ದಿ ಹೇಳಿದ ಹಾಗೆ, ಇನ್ನೊಂದು ಹೇಳಿದ. ಸೋನಾಲಿ ಕಲಿಸಿದ ವ್ಯಾಯಾಮವನ್ನು ಅವನು ಬಿಟ್ಟಿರಲಿಲ್ಲ. ಕದ ಹಾಕಿಕೊಂಡು, ಗೋಡೆ ಹಿಡಿದು, ಒಬ್ಬನೇ ಮಾಡಿದ. ಎರಡು ವರ್ಷದ ಹಿಂದೆ ಶ್ರಾವಣದ ಒಂದು ಸೋಮವಾರ ತಮ್ಮನನ್ನು ಬೆರಗುಗೊಳಿಸಬೇಕೆಂದು ಒಬ್ಬನೇ ಇಳಿದ. ಮೆಟ್ಟಿಲಿನ ಕಂಬಿ ಹಿಡಿದು ಮೂರು ಮಹಡಿ ಇಳಿಯಲು ಒಂದು ತಾಸು ಹಿಡಿಯಿತು. ಅಡುಗೆಮನೆಯ ಹಿಂದಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ಒಳಗೆ ಯಾರೋ ವಿಜಯಪುರದವರು ಕೇಳುತ್ತಿದ್ದರು, ಚಂದ್ರಾಮಣ್ಣ ಯಾವಾಗ ಬರುತ್ತಾನೆ ಅಂತ.

“ನೀ ಅಂದಿ,” ಅಂದ ಚಂದ್ರಾಮ. “ಅಂವಗ ಖಾನಾವಳಿ ಅಂದ್ರ ಈಗ ಆಗೂದಿಲ್ಲ, ಗಿರಾಕಿಗೋಳ ಮಾರೀನೂ ನೋಡೂದು ಬ್ಯಾಡಂತಾನ, ನಾ ದಿನಾ ಕೈಮುಗದು ಕರೀತೀನಿ, ಅಂತ. ಸತ್ಯಮ್ಮ ನನ್ನ ನೋಡಿ ಹೌಹಾರಿದ್ಲು. ಯಾರ ಮುಂದೂ ಹೇಳಬ್ಯಾಡ ಅಂತ ಕೈಸನ್ನಿ ಮಾಡಿದೆ. ಒಂದ ಚರಗಿ ನೀರ ಕೊಟ್ಟಳು ಪಾಪ, ಕುಡದು ತಿರುಗಿ ಹತ್ತಿದೆ. ಇಳಿಯೂದಕ್ಕಿಂತ ಹತ್ತೂದು ಭಾಳ ತ್ರಾಸ ಆತು.”

“ಯಾಕಣ್ಣಾ? ಯಾಕ ಒಳಗ ಬರಲಿಲ್ಲ?”

“ನಾ ಒಳಗ ಬಂದಿದ್ರ ಅಷ್ಟು ಮಂದ್ಯಾಗ ನಿನ್ನ ಮಾರಿ ಎಲ್ಲಿ ಇಟ್ಟುಕೊಳ್ತಿದ್ದಿ?”

ವಿಠಲನಿಗೆ ಬೈಗುಳ ಬೇಕಾಗಿತ್ತು. ಅಣ್ಣ ಕೈ ಎತ್ತಿ ಕೆನ್ನೆಗೆ ಬಾರಿಸಿದ್ದರೆ ಅವನ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದ. ಅಂಥ ಉಪಕಾರವನ್ನು ಚಂದ್ರಾಮ ಮಾಡಲಿಲ್ಲ. ಆವತ್ತಿನಿಂದ ಗೋಡೆ ಹಿಡಿದು ನಡೆಯುವುದನ್ನು ಬಿಟ್ಟೆ, ಕಳಿಸಿದ್ದನ್ನು ಉಂಡುಕೊಂಡು ಇದ್ದೆ, ಎಂದಷ್ಟೇ ಹೇಳಿ ಹಳಿಯ ಕಡೆ ನೋಡಿದ.

“ನಾಳಿ ಕೆಳಗ ಬಾ ಅಣ್ಣಾ,” ಅಂದ ವಿಠಲ. “ನಾ ಕರಿಯಾಕ ಬಂದೀನಿ.”

ಚಂದ್ರಾಮ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಎರಡು ವರ್ಷದ ಹಿಂದಿನ ಕಾಲಲ್ಲ ಅದು, ಮೈಯೂ ಅಲ್ಲ. “ಬರ್ತೀನಿ. ಆದ್ರ ಯಾರೂ ನನ್ನ ಎತ್ತಬ್ಯಾಡ್ರಿ,” ಅಂದ.

ಮಾರನೆಯ ದಿನ ಹನ್ನೊಂದಕ್ಕೆ ಅವನು ಬಿಳಿ ಅಂಗಿ ಹಾಕಿಕೊಂಡು ಮೆಟ್ಟಿಲ ತುದಿಗೆ ಬಂದ. ನಿಂತು ಇಳಿಯಲು ಮೊಣಕಾಲು ಒಪ್ಪಲಿಲ್ಲ. ಸುದ್ದಿ ಕೇಳಿ ಓಡಿಬಂದ ಮಾಪಣ್ಣ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು “ನಾವಽ ನಾಕು ಮಂದಿ ಕುರ್ಚಿ ಮ್ಯಾಲ ತರ್ತೀವಿ ಬಿಡ್ರಿ, ಟೈಲ್ಸಿಗಿಂತ ಭಾರ ಅದೀರೇನು,” ಅಂದ. ಚಂದ್ರಾಮ ನಕ್ಕು ಬೇಡವೆಂದ. ಮೇಲಿನ ಮೆಟ್ಟಿಲ ಮೇಲೆ ಕೂತ. ಎರಡೂ ಕೈ ಊರಿ, ಕೂತಂತೆಯೇ ಒಂದು ಮೆಟ್ಟಿಲು ಜಾರಿದ. ಮತ್ತೆ ಒಂದು. ವಿಠಲ ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲೆಂದು, ಹಿಮ್ಮುಖವಾಗಿ ಇಳಿದ. ಕಟ್ಟಡದ ಜನ ಬಾಗಿಲು ತೆರೆದು ನೋಡಿದರು. ಬೆಳಗಿನ ಶಾಲೆ ಮುಗಿಸಿ ಬಂದ ಮಕ್ಕಳು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. “ಅರೆ, ಭಾವೂಸಾಹೇಬ್, ಬರ‍್ಯಾಚ್ ದಿವಸಾಂನಿ,” ಅಂದಳು ಎರಡನೇ ಮಹಡಿಯ ಮರಾಠಿ ಮುದುಕಿ, ಎಷ್ಟೋ ದಿನವಾಯಿತಲ್ಲ ಅನ್ನುತ್ತ. ಬಿಳಿ ಅಂಗಿಯ ಹಿಂಭಾಗಕ್ಕೆ ಮೆಟ್ಟಿಲಿನ ಧೂಳು ಹತ್ತಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅಣ್ಣನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ವಿಠಲ ವರ್ಷಗಳಿಂದ ನೋಡಿರಲಿಲ್ಲ. ಕಣ್ಣು ತಪ್ಪಿಸಲು ಆ ಮೆಟ್ಟಿಲಲ್ಲಿ ಬೇರೆ ಜಾಗವೂ ಇರಲಿಲ್ಲ.

ಖಾನಾವಳಿಯ ಬಾಗಿಲಲ್ಲಿ ಅವನು ಮಾಪಣ್ಣನ ಹೆಗಲು ಹಿಡಿದು ಎದ್ದು ನಿಂತಾಗ ಒಳಗೆ ಊಟಕ್ಕೆ ಕೂತವರು ಎದ್ದು ನಿಂತರು. ಹಳಬರು ಕಾಲು ಮುಟ್ಟಲು ಬಂದರು. ಪುಂಡರೀಕಾಕ್ಷ ಮಾಸ್ತರರು ಓಹೋಹೋ ಅನ್ನುತ್ತ ತಮ್ಮ ಬೆಂಚಿನಲ್ಲಿ ಜಾಗ ಮಾಡಿದರು. ವಿಠಲ ಗಲ್ಲಾದ ಕುರ್ಚಿಯನ್ನು ಎಳೆದು, ಒರೆಸಿ, “ಇಲ್ಲಿ ಕುಂಡ್ರು ಅಣ್ಣಾ,” ಅಂದ. ಚಂದ್ರಾಮ ಅದರ ಕಡೆ ನೋಡಲೂ ಇಲ್ಲ. ಮಾಸ್ತರರ ಪಕ್ಕದಲ್ಲೇ, ಬೆಂಚಿನ ಮೇಲೆ, ಹಮಾಲರ ನಡುವೆ ಕೂತ. ಎಲ್ಲರಿಗೂ ಬಡಿಸುವ ತಾಟೇ ತನಗೂ ಸಾಕು ಅಂದ. ಸತ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಿಸಿ ರೊಟ್ಟಿ ತಂದಿಟ್ಟಳು.

“ಅಲ್ಲ ಚಂದ್ರಾಮಣ್ಣ, ಆರು ವರ್ಷ ಉಂಟಾ ಹೀಗೆ ಮುಖ ತಪ್ಪಿಸುವುದು? ನಾವೆಲ್ಲ ಎಂತ ತಪ್ಪು ಮಾಡಿದ್ದು?” ಮಾಸ್ತರರು ಆಕ್ಷೇಪದ ದನಿಯಲ್ಲಿ ಕೇಳಿದರು.

ಚಂದ್ರಾಮ ರೊಟ್ಟಿ ಮುರಿದ. “ನಿಮ್ಮದೇನ ತಪ್ಪಿಲ್ರಿ. ತಮ್ಮ ದಿನಾ ಕರೀತಿದ್ದ. ನಾನಽ ಒಲ್ಲೆ ಅಂತಿದ್ದೆ,” ಅಂದ. “ಮನಸ್ಸ ಇರಲಿಲ್ಲ.”

ವಿಠಲ ಗಲ್ಲಾ ಹಿಡಿದು ನಿಂತಿದ್ದ. ಅವನು ಸುಮ್ಮನಿದ್ದರೆ ಮುಗಿಯಿತು. ಅಣ್ಣ ಅವನ ಮಾನದ ಮೇಲೆ ತನ್ನ ಕೈಯಿಂದಲೇ ಬಟ್ಟೆ ಹೊದಿಸಿದ್ದ. ಮಾಸ್ತರರು ತಲೆಯಾಡಿಸುತ್ತ ಅವನ ಕಡೆ ಮೆಚ್ಚಿ ನೋಡಿದರು, ಎಂಥ ತಮ್ಮ ಅನ್ನುವ ಹಾಗೆ. ಆ ನೋಟ ತಡೆಯಲಾಗಲಿಲ್ಲ ಅವನಿಗೆ.

“ಸುಳ್ಳು,” ಅಂದ ವಿಠಲ. “ನಾ ಒಂದ ದಿನಾನೂ ಕರದಿಲ್ಲ. ಅಂವಾ ಬರ್ತೀನಿ ಅಂದಾಗೆಲ್ಲಾ ನಾನಽ ಬ್ಯಾಡ ಅಂದೀನಿ. ವ್ಯಾಯಾಮ ಮಾಡ್ಸಾಕಿನ್ನ ಬಿಡಿಸೀನಿ. ಎದ್ದು ಬರಬಾರದಂತನಽ ಅಷ್ಟು ಉಣಿಸೀನಿ.”

ತಾಟಿನಲ್ಲಿದ್ದ ಕೈಗಳೆಲ್ಲ ತಾಟಿನಲ್ಲೇ ನಿಂತವು. ನಿನ್ನೆ ತಾವು ಹೇಳಿದ ಕತೆ ಮಾಸ್ತರರಿಗೆ ಈಗ ನೆನಪಾಗಿರಬೇಕು, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿದರು. ಚಂದ್ರಾಮ ಕಣ್ಣು ಮುಚ್ಚಿಕೊಂಡ.

ಮಾಪಣ್ಣ ಒಬ್ಬನಿಗೆ ತಡೆದುಕೊಳ್ಳಲಾಗಲಿಲ್ಲ. “ಯಾಕ್ರಿ?” ಅಂದ. ಅದರಲ್ಲಿ ಸಿಟ್ಟಿರಲಿಲ್ಲ, ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು.

ವಿಠಲ ಒರೆಸಿಟ್ಟ ಖಾಲಿ ಕುರ್ಚಿ ತೋರಿಸಿದ. “ಇದನ್ನ ಬಿಡಾಕ ಮನಸ್ಸಾಗಲಿಲ್ಲ.”

ಆಗ ಚಂದ್ರಾಮ ಕಣ್ಣು ತೆರೆದು ತಮ್ಮನನ್ನು ನೋಡಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಇಷ್ಟು ಸಣ್ಣದಕ್ಕೇ ಎಂಬ ಬೇಸರವಿತ್ತು.

“ಕೇಳಿದ್ರ ಕೊಡತಿದ್ನಲ್ಲೋ ತಮ್ಮಾ,” ಅಂದ.

ವಿಠಲನಿಗೆ ಅದು ಗೊತ್ತಿತ್ತು. ಆರು ವರ್ಷವೂ ಗೊತ್ತಿತ್ತು. ಕೇಳಿ ಪಡೆದರೆ ಅದೂ ಅಣ್ಣ ಕೊಟ್ಟದ್ದೇ ಆಗುತ್ತಿತ್ತು, ಅದಕ್ಕೇ ಅವನು ಕೇಳಿರಲಿಲ್ಲ.